ಹೊಕ್ಕುಳ ಒಣಗಲಿಲ್ಲವೇ? ಅರಿಶಿನ ಮೆತ್ತಬೇಡಿ!

ಬಳ್ಳಿ ಬಿದ್ದು ತಿಂಗಳಾಯ್ತು, ಕೂಸಿನ ಹೊಕ್ಕುಳ ಇನ್ನೂ ಒದ್ದೆ. ಅಜ್ಜಿ ಅರಿಶಿನ ಮೆತ್ತಿದರು, ನೆರೆಮನೆಯಾಕೆ ಬೂದಿ ಹಾಕಿ ಎಂದರು. ಒದ್ದೆ ಮಾತ್ರ ನಿಲ್ಲಲಿಲ್ಲ. ಎಷ್ಟೋ ಮನೆಗಳ ಕಥೆ ಇದು.

ಹೆಚ್ಚಿನ ಕೂಸುಗಳಲ್ಲಿ ಇದು ಸಣ್ಣ ಮಾಂಸದ ಗುಳ್ಳೆ, ಸುಲಭವಾಗಿ ವಾಸಿಯಾಗುತ್ತೆ. ಆದರೆ ಅಪರೂಪಕ್ಕೆ ಸಂಗತಿಯೇ ಬೇರೆ. ಗರ್ಭದಲ್ಲಿರುವಾಗ ಮೂತ್ರಕೋಶದಿಂದ ಹೊಕ್ಕುಳಕ್ಕೆ ಒಂದು ಸಣ್ಣ ನಾಳ ಇರುತ್ತೆ. ಡಾಕ್ಟರುಗಳ ಬಾಯಲ್ಲಿ ಅದು ಯುರೇಕಸ್. ಹುಟ್ಟುವ ಮುಂಚೆ ಮುಚ್ಚಿ ದಾರದಂತಾಗಬೇಕು. ಪೂರ್ತಿ ತೆರೆದೇ ಉಳಿದರೆ ಹೊಕ್ಕುಳಲ್ಲಿ ಮೂತ್ರವೇ ಜಿನುಗುತ್ತೆ! ನಡುವೆ ಮಾತ್ರ ಉಳಿದರೆ ನೀರುಗಂಟು. ಅದು ಕೀವಾದರೆ ಜ್ವರ, ಹೊಟ್ಟೆನೋವು, ಹೊಕ್ಕುಳ ಸುತ್ತ ಕೆಂಪು.

ಪತ್ತೆ ಹೇಗೆ? ಅಲ್ಟ್ರಾಸೌಂಡ್‌ನಲ್ಲೇ ಬಹುತೇಕ ಗೊತ್ತಾಗುತ್ತೆ. ನೋವಿಲ್ಲ, ಸೂಜಿಯಿಲ್ಲ. ಸಂಶಯ ಉಳಿದರೆ ಮೂತ್ರಕೋಶಕ್ಕೆ ಔಷಧಿ ಬಿಟ್ಟು ಎಕ್ಸ್‌ರೇ ತೆಗೆಯುತ್ತಾರೆ.

ಎಲ್ಲಕ್ಕೂ ಕತ್ತರಿ ಬೇಕಿಲ್ಲ ಸ್ವಾಮಿ. ಆರು ತಿಂಗಳೊಳಗಿನ ಕೂಸಿಗೆ ಕೀವಿಲ್ಲದಿದ್ದರೆ ಎಷ್ಟೋ ಸಲ ತಾನೇ ಮುಚ್ಚಿಕೊಳ್ಳುತ್ತೆ. ಡಾಕ್ಟರು ಕಾದು ನೋಡುತ್ತಾರೆ. ಕೀವಾಗಿದ್ದರೆ ಮೊದಲು ಔಷಧಿ ಕೊಟ್ಟು ಕೀವು ತೆಗೆಯುತ್ತಾರೆ. ಅದು ಆರಿದ ಮೇಲೆ ಆಪರೇಷನ್, ನಾಳವನ್ನೇ ತೆಗೆದುಬಿಡುತ್ತಾರೆ.

ಅರಿಶಿನ ಸಾರಿಗಿರಲಿ. ಒದ್ದೆ ಹೊಕ್ಕುಳದ ಕೂಸು ಮಕ್ಕಳ ಡಾಕ್ಟರ ಬಳಿ ಹೋಗಲಿ. ಜ್ವರ, ಕೆಂಪು ಕಂಡರಂತೂ ಅವತ್ತೇ!