ವುಝೂವಿಗೆ ಲೆನ್ಸ್ ಅಡ್ಡಿ ಇಲ್ಲ, ಲೆನ್ಸಿಗೆ ನೀರು ಆಗುವುದಿಲ್ಲ

“ಉಸ್ತಾದ್, ಮಗಳು ಕನ್ನಡಕ ಬಿಟ್ಟು ಲೆನ್ಸ್ ಹಾಕ್ತಾಳೆ. ಅದು ಕಣ್ಣಲ್ಲಿರುವಾಗ ವುಝೂ ಸಹೀಹ್ ಆಗ್ತದಾ? ಪ್ರತಿ ಸಲ ತೆಗೀಬೇಕಾ?”

ಮದ್ರಸದ ಗೇಟಿನ ಹತ್ತಿರ ಉಮ್ಮಂದಿರು ಕೇಳುವ ಪ್ರಶ್ನೆಗಳಲ್ಲಿ ಕೆಲವು ವರ್ಷಗಳಿಂದ ಇದೂ ಒಂದು ಸೇರಿದೆ. ಮೊದಲೆಲ್ಲ ನೈಲ್ ಪಾಲಿಶ್ ಬಗ್ಗೆ ಕೇಳುತ್ತಿದ್ದರು, ಈಗ ಲೆನ್ಸ್. ಉತ್ತರ ಸುಲಭ ಉಂಟು. ವುಝೂ ಸಹೀಹ್ ಆಗುತ್ತದೆ, ತೆಗೆಯಬೇಕಾಗಿಲ್ಲ. ಮುಖ ತೊಳೆಯುವುದು ಫರ್ಳ್, ಆದರೆ ಶಾಫಿಈ ಮದ್‌ಹಬಿನಲ್ಲಿ ಕಣ್ಣಿನ ಒಳಭಾಗ ತೊಳೆಯುವುದು ಫರ್ಳ್ ಅಲ್ಲ, ಸುನ್ನತ್ತೂ ಅಲ್ಲ. ಫರ್ಳ್ ಸ್ನಾನದಲ್ಲೂ ಹಾಗೆಯೇ. ಕಣ್ಣಿನ ಮೂಲೆಯಲ್ಲಿ ಗೀಜು ಒಣಗಿ ಅಂಟಿಕೊಂಡು ನೀರು ಚರ್ಮಕ್ಕೆ ತಾಗದ ಹಾಗೆ ಇದ್ದರೆ ಅದನ್ನು ಮಾತ್ರ ತೆಗೆಯಬೇಕು. ನೈಲ್ ಪಾಲಿಶ್ ಉಗುರಿನ ಮೇಲೆ ನೀರನ್ನು ತಡೆಯುತ್ತದೆ, ಉಗುರು ತೊಳೆಯಲೇಬೇಕಾದ ಜಾಗ. ಲೆನ್ಸ್ ಕೂರುವ ಜಾಗ ಹಾಗಲ್ಲ. ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಇಷ್ಟು ಕೇಳಿದ ಕೂಡಲೇ ಉಮ್ಮಂದಿರಿಗೆ ಸಮಾಧಾನವಾಗಿ ಹೋಗಿಬಿಡುತ್ತಾರೆ. ಆದರೆ ಇನ್ನೊಂದು ಪ್ರಶ್ನೆ ಉಂಟು, ಅದನ್ನು ಯಾರೂ ಕೇಳುವುದಿಲ್ಲ. ವುಝೂವಿನ ನೀರು ಲೆನ್ಸಿಗೆ ಆಗುತ್ತದಾ ಅಂತ. ಈ ಬರಹ ಅದಕ್ಕಾಗಿಯೇ.

ನಮಗೆ ಗೊತ್ತಿರುವ ಒಂದು ಮನೆಯ ಹುಡುಗಿ, ಡಿಗ್ರಿ ಓದುತ್ತಾ ಹಾಸ್ಟೆಲಿನಲ್ಲಿದ್ದಳು. ಒಂದು ರಾತ್ರಿ ಲೆನ್ಸ್ ಇಡುವ ಸೊಲ್ಯೂಶನ್ ಮುಗಿದಿತ್ತು, ಅಂಗಡಿ ಬಾಗಿಲು ಹಾಕಿತ್ತು. ಕುದಿಸಿ ಆರಿಸಿದ ನೀರು ಇತ್ತಲ್ಲ, ಡಬ್ಬಿಯಲ್ಲಿ ಅದನ್ನೇ ತುಂಬಿಸಿ ಲೆನ್ಸ್ ಇಟ್ಟಳು. ನಾಲ್ಕೈದು ದಿನ ಹಾಗೆಯೇ ನಡೆಯಿತು. ಆಮೇಲೆ ಒಂದು ಕಣ್ಣು ಕೆಂಪಾಯಿತು, ಬೆಳಕು ನೋಡಲಿಕ್ಕಾಗದ ಹಾಗೆ ನೋವು. ಮೆಡಿಕಲಿನಿಂದ ಯಾವುದೋ ಒಂದು ಡ್ರಾಪ್ಸ್ ತಂದು ಎರಡು ವಾರ ಹಾಕಿದರು. ಕಣ್ಣಿನ ಡಾಕ್ಟರ್ ಹತ್ತಿರ ಮುಟ್ಟುವಾಗ ತಡವಾಗಿತ್ತು. ಗಂಟೆಗೊಮ್ಮೆ ಹನಿ, ರಾತ್ರಿಯೂ ಎದ್ದು ಹನಿ, ಹೀಗೆ ತಿಂಗಳುಗಟ್ಟಲೆ ಹೋಯಿತು. ಈಗ ಕಪ್ಪು ಗುಡ್ಡೆಯ ಮೇಲೆ ಒಂದು ಬಿಳಿ ಕಲೆ ಉಳಿದಿದೆ, ಆ ಕಣ್ಣಿನಲ್ಲಿ ಅಕ್ಷರ ಓದಲಿಕ್ಕಾಗುವುದಿಲ್ಲ. ಮನೆಯವರು ಇವತ್ತಿಗೂ ಹೇಳುವುದು ಒಂದೇ ಮಾತು: “ಪಾಕ್ ನೀರೇ ಅಲ್ವಾ ಹಾಕಿದ್ದು, ಅದೂ ಕುದಿಸಿದ್ದು.”

ಈ ‘ಪಾಕ್’ ಎಂಬ ಮಾತಿನಲ್ಲೇ ನಮ್ಮವರಿಗೆ ಗಲಿಬಿಲಿ ಇರುವುದು. ನೀರು ತಾಹಿರ್ ಆಗಿದೆ ಎಂದರೆ ಅದರಲ್ಲಿ ನಜಸ್ ಇಲ್ಲ, ಅದರಿಂದ ವುಝೂ ಮಾಡಬಹುದು ಅಂತ ಅರ್ಥ. ರೋಗಾಣು ಇಲ್ಲ ಅಂತ ಅರ್ಥ ಅಲ್ಲ. ಮಸೀದಿಯ ಹೌಳಿನಲ್ಲಿ ಎರಡು ಖುಲ್ಲತ್ತಿಗಿಂತ ಜಾಸ್ತಿ ನೀರಿರುತ್ತದೆ, ನೂರು ಜನ ಕೈ ಅದ್ದಿದರೂ ಅದು ವುಝೂವಿಗೆ ಸರಿಯೇ. ಮನೆಯ ಬಾವಿ ನೀರು, ಟ್ಯಾಂಕಿಯ ನೀರು, ಪಂಚಾಯತ್ ನಳ್ಳಿ ನೀರು ಎಲ್ಲ ಸರಿ. ಆದರೆ ಇವೆಲ್ಲದರಲ್ಲೂ ಅಕಾಂತಮೀಬಾ ಎಂಬ ಕಣ್ಣಿಗೆ ಕಾಣದ ಒಂದು ಜೀವಿ ಇರಬಹುದು. ಮಣ್ಣಿನಲ್ಲೂ ನೀರಿನಲ್ಲೂ ಎಲ್ಲ ಕಡೆ ಇರುವಂಥದ್ದೇ ಅದು. ಬರಿಗಣ್ಣಿಗೆ ನೀರು ಬಿದ್ದರೆ ರೆಪ್ಪೆ ಬಡಿದಾಗ ಕಣ್ಣೀರಿನ ಜೊತೆ ಹೋಗಿಬಿಡುತ್ತದೆ, ಐದು ಹೊತ್ತು ಮುಖ ತೊಳೆಯುವ ನಮಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಲೆನ್ಸ್ ಇದ್ದರೆ ಹಾಗಲ್ಲ. ಮೆತ್ತಗಿನ ಲೆನ್ಸ್ ನೀರು ಹೀರುವ ವಸ್ತು. ಆ ಜೀವಿ ಅದಕ್ಕೆ ಅಂಟಿಕೊಂಡು ಗಂಟೆಗಟ್ಟಲೆ ಕಣ್ಣಿನ ಮೇಲೆಯೇ ಕೂರುತ್ತದೆ. ಲೆನ್ಸಿನಿಂದ ಕಣ್ಣಿನ ಮೇಲ್ಪದರಕ್ಕೆ ಸಣ್ಣ ತರಚು ಆಗಿದ್ದರೆ ಅದರ ಮೂಲಕ ಒಳಗೆ ಇಳಿಯುತ್ತದೆ. ಅಮೆರಿಕದಲ್ಲಿ 1980ರ ದಶಕದಲ್ಲಿ ಮನೆಯಲ್ಲೇ ಉಪ್ಪುನೀರು ಮಾಡಿ ಲೆನ್ಸ್ ತೊಳೆಯುತ್ತಿದ್ದವರಲ್ಲಿ ಈ ರೋಗ ತುಂಬಾ ಕಂಡುಬಂದಿತ್ತು. ಕುದಿಸಿದ ನೀರಿಗೂ ಅದೇ ಕಥೆ. ಲೋಟಕ್ಕೆ ಬಗ್ಗಿಸಿ ಆರಿಸುವಷ್ಟರಲ್ಲಿ ಅದು ಮತ್ತೆ ಮಾಮೂಲು ನೀರೇ.

ಝಂಝಂ ನೀರಿನ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇವೆ. ಬರಕತ್ತಿಗೆ ಅಂತ ಝಂಝಂ ಕಣ್ಣಿಗೆ ಹಾಕುವವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಲೆನ್ಸ್ ಇರುವಾಗ ಹಾಕಬೇಡಿ, ಲೆನ್ಸ್ ತೊಳೆಯಲಿಕ್ಕಂತೂ ಬೇಡವೇ ಬೇಡ. ಕುಡಿಯಿರಿ, ದುಆ ಮಾಡಿ.

ಹಾಗಾದರೆ ಐದು ಹೊತ್ತು ವುಝೂ ಮಾಡುವವರು ಲೆನ್ಸ್ ಹಾಕುವುದು ಹೇಗೆ? ಲೆನ್ಸ್ ಸುಲಭದಲ್ಲಿ ಒಗ್ಗಿಸಿಕೊಂಡ ಮನೆಗಳಲ್ಲಿ ನಾವು ನೋಡಿದ ಕ್ರಮ ಇದು. ಸುಬ್‌ಹಿಗೆ ಎದ್ದಾಗ ಕನ್ನಡಕದಲ್ಲೇ ವುಝೂ, ನಮಾಝ್. ಲೆನ್ಸ್ ಕಾಲೇಜಿಗೋ ಕೆಲಸಕ್ಕೋ ಹೊರಡುವ ಮುಂಚೆ. ಸಾಬೂನಿನಿಂದ ಕೈ ತೊಳೆದು, ನೂಲು ಬಿಡದ ಶುದ್ಧ ಬಟ್ಟೆಯಲ್ಲಿ ಪೂರ್ತಿ ಒರೆಸಿ, ಆಮೇಲೆ ಲೆನ್ಸ್ ಮುಟ್ಟುವುದು. ಒದ್ದೆ ಬೆರಳಿನಲ್ಲಿ ಮುಟ್ಟಿದರೆ ನೀರನ್ನು ನಾವೇ ಕಣ್ಣಿಗೆ ತಲುಪಿಸಿದ ಹಾಗೆ. ಝುಹ್ರ್, ಅಸ್ರ್, ಮಗ್ರಿಬ್‌ಗೆ ಲೆನ್ಸ್ ಕಣ್ಣಲ್ಲೇ ಇರಲಿ, ಆದರೆ ಮುಖಕ್ಕೆ ನೀರು ಹಾಕುವಾಗ ಕಣ್ಣು ಮುಚ್ಚಿ, ಮೂರನೇ ಸಲ ಆದ ಮೇಲೆ ರೆಪ್ಪೆಯ ಮೇಲಿನ ನೀರನ್ನು ಕರ್ಚೀಫಿನಿಂದ ಒತ್ತಿ ತೆಗೆದೇ ಕಣ್ಣು ಬಿಡಬೇಕು. ಇಲ್ಲಿ ಓದಿದವರು ಒಂದು ಮಾತು ಎತ್ತುತ್ತಾರೆ. ವುಝೂವಿನ ನೀರು ಒರೆಸದೆ ಬಿಡುವುದಲ್ವಾ ಸುನ್ನತ್ತು ಅಂತ. ಹೌದು, ಶಾಫಿಈ ಕಿತಾಬುಗಳಲ್ಲಿ ಹಾಗೆ ಉಂಟು. ಆದರೆ ಕಾರಣ ಇಲ್ಲದಿದ್ದಾಗ ಎಂಬ ಶರತ್ತಿನ ಜೊತೆಗೆ. ಚಳಿ, ಧೂಳು ಕಾರಣ ಆಗುವಾಗ ಕಣ್ಣಿನ ರಕ್ಷಣೆ ಕಾರಣ ಆಗದೆ ಇರುತ್ತದಾ? ನಿರಾಳವಾಗಿ ಒರೆಸಿಕೊಳ್ಳಿ. ಇಶಾ ಮುಗಿದ ಮೇಲೆ ತೆಗೆದು ಕನ್ನಡಕಕ್ಕೆ ಬಂದುಬಿಡುವುದು. ಸ್ನಾನಕ್ಕೆ ಮುಂಚೆ ತೆಗೆಯುವುದು ಒಳ್ಳೆಯದು, ಬಾವಿಗೆ, ಹೊಳೆಗೆ, ಸಮುದ್ರಕ್ಕೆ ಇಳಿಯುವಾಗ ತೆಗೆಯಲೇಬೇಕು.

ಇನ್ನು ನಿದ್ದೆ. ಕಣ್ಣಿನ ಕಪ್ಪು ಗುಡ್ಡೆಯ ಮುಂದಿರುವ ಪಾರದರ್ಶಕ ಪದರಕ್ಕೆ, ಅಂದರೆ ಕಾರ್ನಿಯಾಕ್ಕೆ, ರಕ್ತನಾಳ ಇಲ್ಲ. ಅದು ಉಸಿರಾಡುವುದು ಹೊರಗಿನ ಗಾಳಿಯಿಂದ, ಕಣ್ಣೀರಿನ ಮೂಲಕ. ರೆಪ್ಪೆ ಮುಚ್ಚಿದಾಗಲೇ ಗಾಳಿ ಕಡಿಮೆ, ಒಳಗೆ ಲೆನ್ಸೂ ಇದ್ದರೆ ಇನ್ನೂ ಕಡಿಮೆ. ಲೆನ್ಸ್ ಹಾಕಿ ಮಲಗುವವರಿಗೆ ಸೋಂಕಿನ ಅಪಾಯ ಎಷ್ಟೋ ಪಟ್ಟು ಹೆಚ್ಚು ಎಂದು ಡಾಕ್ಟರುಗಳು ಹೇಳುವುದು ಇದಕ್ಕೇ. ನಮ್ಮ ಮಕ್ಕಳು ತಪ್ಪುವುದು ಮಂಗಳೂರು-ಬೆಂಗಳೂರು ಸ್ಲೀಪರ್ ಬಸ್ಸಿನಲ್ಲಿ. ರಾತ್ರಿ ಒಂಬತ್ತಕ್ಕೆ ಹತ್ತಿ, ಲೆನ್ಸ್ ಸಮೇತ ಮಲಗಿ, ಬೆಳಿಗ್ಗೆ ಕೆಂಪು ಕಣ್ಣಿನಲ್ಲಿ ಇಳಿಯುತ್ತಾರೆ. ಬಸ್ ಹತ್ತುವ ಮುಂಚೆಯೇ ಮನೆಯಲ್ಲಿ ತೆಗೆದಿಡಿ. ಅಲುಗಾಡುವ ಬಸ್ಸಿನಲ್ಲಿ ಯಾರೂ ತೆಗೆಯುವುದಿಲ್ಲ, ನಮಗೆ ಗೊತ್ತು.

‘ಹಾಕಿದ್ದೇ ಗೊತ್ತಾಗುವುದಿಲ್ಲ’ ಎನ್ನುವ ಲೆನ್ಸ್ ಬಂದದ್ದು ಹೇಗೆ ಎಂಬ ಕಥೆ ಚೆನ್ನಾಗಿದೆ. ಮೊದಲಿನವು ಗಾಜಿನವು, 19ನೇ ಶತಮಾನದ ಕೊನೆಗೆ ಬಂದವು, ಕೆಲವು ಗಂಟೆ ಇಡುವುದೇ ಕಷ್ಟವಾಗಿತ್ತು. 1961ರಲ್ಲಿ ಚೆಕೊಸ್ಲೊವಾಕಿಯಾದ ಒಟ್ಟೊ ವಿಕ್ಟರ್ಲೆ ಎಂಬ ರಸಾಯನ ವಿಜ್ಞಾನಿ ಮಕ್ಕಳ ಆಟದ ಕಬ್ಬಿಣದ ಸೆಟ್ಟಿನಿಂದ ಮನೆಯಲ್ಲೇ ಒಂದು ಯಂತ್ರ ಜೋಡಿಸಿ, ಸೈಕಲ್ ಡೈನಮೊ ಇಟ್ಟು ತಿರುಗಿಸಿ, ಮೊದಲ ಮೆತ್ತಗಿನ ಲೆನ್ಸುಗಳನ್ನು ಎರೆದರು. ಈಗ ಬರುವ ಸಿಲಿಕೋನ್ ಹೈಡ್ರೋಜೆಲ್ ಅದರ ಮುಂದಿನ ತಲೆಮಾರು, ಗಾಳಿಯನ್ನು ಇನ್ನೂ ಚೆನ್ನಾಗಿ ಬಿಡುತ್ತದೆ. ಬೆಳಕು ವಸ್ತುವಿನಿಂದ ಕಣ್ಣಿಗೆ ಬರುವುದರಿಂದ ನಾವು ನೋಡುತ್ತೇವೆ ಎಂದು ಸಾವಿರ ವರ್ಷದ ಹಿಂದೆಯೇ ಕಿತಾಬುಲ್ ಮನಾಝಿರ್‌ನಲ್ಲಿ ವಿವರಿಸಿದವರು ಬಸ್ರಾದ ಇಬ್ನುಲ್ ಹೈಸಂ. ಮದ್ರಸದ ಮಕ್ಕಳಿಗೆ ನಾವು ಅವರ ಹೆಸರನ್ನು ಹೇಳುವುದು ಕಡಿಮೆಯಾಯಿತು ಅನಿಸುತ್ತದೆ.

ಆದರೆ ಎಷ್ಟು ಒಳ್ಳೆಯ ಲೆನ್ಸ್ ಆದರೂ ಅಳತೆ ಸರಿ ಇಲ್ಲದಿದ್ದರೆ ಚುಚ್ಚುತ್ತದೆ. ಕನ್ನಡಕದ ಚೀಟಿ ತೋರಿಸಿ ಅಂಗಡಿಯಲ್ಲಿ ಲೆನ್ಸ್ ಕೇಳುವುದು, ಅಥವಾ ಗಲ್ಫಿನಿಂದ ಬರುವವರ ಹತ್ತಿರ ‘ನನ್ನ ಪವರ್ ಆರು’ ಅಂತ ಹೇಳಿ ತರಿಸುವುದು ಸರಿಯಲ್ಲ. ಕನ್ನಡಕ ಕಣ್ಣಿನಿಂದ ಸ್ವಲ್ಪ ದೂರ ಇರುತ್ತದೆ, ಲೆನ್ಸ್ ಕಣ್ಣಿನ ಮೇಲೆಯೇ ಕೂರುತ್ತದೆ. ಆದ್ದರಿಂದ ಪವರ್ ಸುಮಾರು ನಾಲ್ಕಕ್ಕಿಂತ ಮೇಲಾದರೆ ಲೆಕ್ಕ ಬದಲಾಗುತ್ತದೆ. ಮೈನಸ್ 6ರ ಕನ್ನಡಕದವರಿಗೆ ಲೆನ್ಸಿನಲ್ಲಿ ಮೈನಸ್ 5.5 ಬರುವುದುಂಟು. ಪವರ್ ಜೊತೆಗೆ ಕಣ್ಣಿನ ಬಾಗು, ಲೆನ್ಸಿನ ಅಗಲ ಎಂಬ ಎರಡು ಅಳತೆ ಬೇರೆ ಉಂಟು. ಸಿಲಿಂಡರ್ ಪವರ್ ಇದ್ದವರಿಗೆ ಟೋರಿಕ್ ಎಂಬ ಬೇರೆ ಜಾತಿಯದ್ದೇ ಬೇಕು. ಕಣ್ಣೀರು ಸಾಕಷ್ಟು ಇದೆಯಾ ಅಂತಲೂ ನೋಡಿಸಬೇಕು. ಮಧ್ಯಾಹ್ನದ ಮೇಲೆ ಉರಿ ಬರುವುದು ಹೆಚ್ಚಾಗಿ ಲೆನ್ಸಿನ ದೋಷ ಅಲ್ಲ, ಕಣ್ಣು ಒಣಗಿರುವುದು. ಎಸಿ, ಮುಖಕ್ಕೆ ನೇರ ಬೀಸುವ ಫ್ಯಾನ್, ರೆಪ್ಪೆ ಬಡಿಯದೆ ಮೊಬೈಲ್ ನೋಡುವುದು, ಇವು ಮೂರು ಕಾರಣ. ಜುಬೈಲ್, ದಮಾಮ್ ಕಡೆ ದಿನವಿಡೀ ಎಸಿಯಲ್ಲೂ ಧೂಳಿನಲ್ಲೂ ಇರುವ ನಮ್ಮ ಹುಡುಗರಿಗೆ ದಿನವಾಹಿ ಲೆನ್ಸ್, ಅಂದರೆ ರಾತ್ರಿ ತೆಗೆದು ಬಿಸಾಡಿ ಮರುದಿನ ಹೊಸತು ಹಾಕುವಂಥದ್ದು, ದುಬಾರಿಯಾದರೂ ವಾಸಿ. ಡಬ್ಬಿ, ಸೊಲ್ಯೂಶನ್ ಎಂಬ ತಲೆನೋವೇ ಇಲ್ಲ. ತಿಂಗಳ ಲೆನ್ಸ್ ಆದರೆ ಡಬ್ಬಿಯಲ್ಲಿ ಉಳಿದ ಹಳೆ ಸೊಲ್ಯೂಶನಿಗೆ ಹೊಸತನ್ನು ಸೇರಿಸಬಾರದು, ಪೂರ್ತಿ ಚೆಲ್ಲಿ ಬದಲಿಸಬೇಕು. ಡಬ್ಬಿಯನ್ನೂ ಮೂರು ತಿಂಗಳಿಗೊಮ್ಮೆ ಬದಲಿಸಬೇಕು.

ಸುರುಮ ಹಾಕುವವರು ಲೆನ್ಸಿನ ದಿನ ಒಳಗೆ ಹಾಕಬೇಡಿ, ಪುಡಿ ಲೆನ್ಸಿನ ಅಡಿಗೆ ಹೋಗುತ್ತದೆ. ಅತ್ತರ್ ಮುಟ್ಟಿದ ಬೆರಳು, ಮೀನಿನ ಮಸಾಲೆ ಅರೆದ ಬೆರಳು, ಎಷ್ಟು ತೊಳೆದರೂ ಲೆನ್ಸಿಗೆ ಗೊತ್ತಾಗುತ್ತದೆ. ಅದಕ್ಕೆ ಅಡುಗೆಗೆ ಮುಂಚೆ ಹಾಕಿ, ಅತ್ತರ್ ಆಮೇಲೆ ಹಚ್ಚಿ. ರಮಝಾನಿನಲ್ಲಿ ಕಣ್ಣಿಗೆ ಹನಿ ಹಾಕಿದರೆ ಉಪವಾಸ ಮುರಿಯುವುದಿಲ್ಲ, ಗಂಟಲಲ್ಲಿ ರುಚಿ ಗೊತ್ತಾದರೂ ಇಲ್ಲ ಎಂಬುದು ಶಾಫಿಈ ಮದ್‌ಹಬಿನ ಮಾತು. ಇದು ತಿಳಿಯದೆ ಒಣ ಕಣ್ಣಿನಲ್ಲಿ ದಿನವಿಡೀ ಸಹಿಸಿಕೊಳ್ಳುವವರಿದ್ದಾರೆ, ಪಾಪ.

ಕೆಲವರಿಗೆ ಲೆನ್ಸ್ ಶೋಕಿ ಅಲ್ಲ, ಮದ್ದು. ಕಣ್ಣು ಯಾವಾಗಲೂ ಉಜ್ಜುವ ಮಗು, ಆರು ತಿಂಗಳಿಗೊಮ್ಮೆ ಸಿಲಿಂಡರ್ ಪವರ್ ಏರುವ ಹದಿಹರೆಯದವರು, ಹೊಸ ಕನ್ನಡಕ ಮಾಡಿಸಿದರೂ ಬೋರ್ಡ್ ಕಾಣುವುದಿಲ್ಲ ಎನ್ನುವವರು, ಇವರನ್ನು ಕೆರಟೋಕೋನಸ್ ಉಂಟಾ ಅಂತ ಪರೀಕ್ಷೆ ಮಾಡಿಸಬೇಕು. ಕಾರ್ನಿಯಾ ತೆಳುವಾಗಿ ಮುಂದಕ್ಕೆ ಶಂಕುವಿನ ಹಾಗೆ ಚಾಚುವ ರೋಗ ಅದು. ಕನ್ನಡಕದಲ್ಲಿ ಸರಿಯಾಗಿ ಕಾಣದಿದ್ದದ್ದು ಗಟ್ಟಿ ಲೆನ್ಸಿನಲ್ಲಿ ಕಾಣುತ್ತದೆ. ಬೇಗ ಗೊತ್ತಾದರೆ ಮುಂದುವರಿಯದಂತೆ ತಡೆಯುವ ಚಿಕಿತ್ಸೆಯೂ ಇದೆ. ಓದುವುದರಲ್ಲಿ ಹಿಂದೆ ಅಂತ ನಾವು ಗದರಿಸುವ ಮಕ್ಕಳಲ್ಲಿ ಇಂಥವರು ಇರಬಹುದು.

ಕಣ್ಣು ಕೆಂಪಾಗಿ ನೋವು, ಬೆಳಕಿಗೆ ಚುಚ್ಚುವುದು, ಮಂಜು, ಇವು ಯಾವುದು ಬಂದರೂ ಲೆನ್ಸ್ ತೆಗೆದು ಅದೇ ದಿನ ಡಾಕ್ಟರ್ ಹತ್ತಿರ ಹೋಗಿ, ಲೆನ್ಸನ್ನೂ ಡಬ್ಬಿಯನ್ನೂ ಜೊತೆಗೆ ಕೊಂಡುಹೋಗಿ. ಯಾವ ರೋಗಾಣು ಅಂತ ಅದರಿಂದಲೂ ಪತ್ತೆ ಮಾಡುತ್ತಾರೆ. ಮೆಡಿಕಲಿನಿಂದ ಸ್ಟೀರಾಯ್ಡ್ ಹನಿ ತಂದು ಹಾಕಿದರೆ ಎರಡು ದಿನ ಕೆಂಪು ಇಳಿಯುತ್ತದೆ, ಒಳಗೆ ರೋಗ ಬೆಳೆಯುತ್ತದೆ. ನೀರು ತಾಗಿಸಬಾರದು ಎಂದು ಡಾಕ್ಟರ್ ಹೇಳಿದರೆ ನಮಾಝ್ ಬಿಡಬೇಕಾಗಿಲ್ಲ. ತೊಳೆಯಬಹುದಾದ ಭಾಗ ತೊಳೆದು, ತೊಳೆಯಲಾಗದ ಜಾಗಕ್ಕೆ ತಯಮ್ಮುಮ್ ಉಂಟು. ಕ್ರಮವನ್ನು ಊರಿನ ಉಸ್ತಾದರಲ್ಲಿ ಕೇಳಿಕೊಳ್ಳಿ.

ಕೊನೆಗೆ ಒಂದು ಮನೆಮಾತು, ಕೆಲವರಿಗೆ ಇದು ಹಿಡಿಸಲಿಕ್ಕಿಲ್ಲ. ಎಷ್ಟೋ ಹುಡುಗಿಯರು ಲೆನ್ಸಿಗೆ ಬರುವುದು ತಮ್ಮ ಆಸೆಗೆ ಅಲ್ಲ, ಹೆಣ್ಣು ನೋಡಲು ಬರುವವರ ದೆಸೆಯಿಂದ. ಹಿಂದಿನ ದಿನ ಲೆನ್ಸ್ ತಂದು, ಅಭ್ಯಾಸ ಇಲ್ಲದ ಕಣ್ಣಿಗೆ ತುರುಕಿ, ನೀರು ಸುರಿಯುವ ಕಣ್ಣಿನಲ್ಲಿ ಶರಬತ್ತಿನ ತಟ್ಟೆ ಹಿಡಿಸಿ ನಿಲ್ಲಿಸುತ್ತಾರೆ. ಕನ್ನಡಕದ ಮಾತೇ ಎತ್ತುವುದಿಲ್ಲ. ನಿಕಾಹ್ ಆದ ಮೇಲೆ ಗಂಡನ ಮನೆಯಲ್ಲಿ ಗೊತ್ತಾಗಬಾರದು ಅಂತ ಆ ಹುಡುಗಿ ರಾತ್ರಿಯೂ ಲೆನ್ಸ್ ತೆಗೆಯುವುದಿಲ್ಲ. ಅಪಾಯ ಇರುವುದು ಅಲ್ಲೇ. ಹೆಣ್ಣಿನ ಕಡೆಯವರು ಮೊದಲೇ ಹೇಳಿಬಿಡಬೇಕು, ‘ಕನ್ನಡಕ ಉಂಟು, ಪವರ್ ಇಷ್ಟು’ ಅಂತ. ಗಂಡಿನ ಕಡೆಯವರು ಅದನ್ನು ಕೇಳಿ ಎದ್ದು ಹೋಗುವುದಾದರೆ ಹೋಗಲಿ ಮಾರಾಯ್ರೆ. ಲೆನ್ಸ್ ಹಾಕುವ ಹುಡುಗಿ ಗಂಡನ ಮನೆಗೆ ಹೊರಡುವಾಗ ಅವಳ ಬ್ಯಾಗಿನಲ್ಲಿ ಈಗಿನ ಪವರಿನ ಒಂದು ಜೊತೆ ಕನ್ನಡಕ, ಒಂದು ಬಾಟಲಿ ಸೊಲ್ಯೂಶನ್ ಇರಬೇಕು. ಮೊದಲ ರಾತ್ರಿಯೇ ಅವಳು ಅದನ್ನು ಎಲ್ಲರಿಗೂ ಕಾಣುವ ಹಾಗೆ ಮೇಜಿನ ಮೇಲೆ ಇಡಲಿ.