ಹೊಟ್ಟೆಗೆ ಹಿಟ್ಟಿಲ್ಲದವರ ಸ್ಪೇನ್

1554. ಸ್ಪೇನಿನ ಓದುಗರಿಗೆ ವೀರಯೋಧರ ಸಾಹಸಗಳ ಹುಚ್ಚು. ಆಗ ಬಂತು ಈ ಪುಟ್ಟ ಪುಸ್ತಕ, 'ಲಾಸರಿಯೊ ದೆ ತೋರ್ಮೆಸ್'. ಬರೆದದ್ದು ಯಾರು? ಇವತ್ತಿಗೂ ಖಚಿತವಿಲ್ಲ. ಕಥೆ ಹೇಳುವವನು ಲಾಸರೊ, ಹಸಿದ ಹುಡುಗ.

ಅವನು ಕೆಲಸಕ್ಕೆ ಸೇರಿದ ಮೊದಲ ಯಜಮಾನ ಒಬ್ಬ ಕುರುಡ. 'ಈ ಕಲ್ಲಿನ ಗೂಳಿಗೆ ಕಿವಿಯಿಡು, ಒಳಗೆ ಸದ್ದು ಕೇಳುತ್ತೆ' ಅಂತಾನೆ. ಹುಡುಗ ಬಗ್ಗಿದನೋ, ತಲೆ ಹಿಡಿದು ಕಲ್ಲಿಗೇ ಚಚ್ತಾನೆ! ಎರಡನೆಯವನು ರೊಟ್ಟಿಗೂ ಬೀಗ ಹಾಕೋ ಪಾದ್ರಿ. ನನಗಿಷ್ಟ ಮೂರನೆಯವನು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂತೀವಲ್ಲ, ಅದೇ ಗಿರಾಕಿ. ಉಪವಾಸವಿದ್ದೂ ಉಂಡವನ ಹಾಗೆ ಹಲ್ಲಿಗೆ ಕಡ್ಡಿ ಹಾಕ್ಕೊಂಡು ನಿಲ್ಲೋ ಕುಲೀನ. ಕೊನೆಗೆ ಹುಡುಗನೇ ಭಿಕ್ಷೆ ಬೇಡಿ ಅವನಿಗೆ ತಿನ್ನಿಸ್ತಾನೆ.

1559ರಲ್ಲಿ ಪುಸ್ತಕಕ್ಕೆ ನಿಷೇಧ. ಆದರೆ 'ಪಿಕಾರೆಸ್ಕ್' ಕಾದಂಬರಿ, ಅಂದರೆ ಚಾಲಾಕಿತನದಿಂದ ಹೊಟ್ಟೆ ಹೊರೆಯೋ ಬಡವನ ಕಥೆ, ಹುಟ್ಟಿಯಾಗಿತ್ತು.

ಸ್ಪ್ಯಾನಿಶ್ ಸಾಹಿತ್ಯ ಓದ್ತೀರಾ? 'ಡಾನ್ ಕ್ವಿಕ್ಸೋಟ್'ಗೂ ಮೊದಲು ಇದನ್ನು ಓದಿ.