ಮರದ ಹಿಡಿಯೊಳಗಿನ ತೆಳು ಅಲಗು

ಚಾಕು ಕೊಳ್ಳಲು ಹೋದವರು ಮೊದಲು ಮಾಡುವ ಕೆಲಸವೆಂದರೆ ಬಾಯಿಯ ಮೇಲೆ ಹೆಬ್ಬೆರಳು ಸವರಿ ಹರಿತ ನೋಡುವುದು. ಹರಿತ ಸಾಲದಿದ್ದರೆ ಮನೆಗೆ ತಂದು ಸಾಣೆ ಹಿಡಿದರಾಯಿತು. ಅಲಗು ದಪ್ಪಗಿದ್ದರೆ ಮಾತ್ರ ಮನೆಯಲ್ಲಿ ಏನೂ ಮಾಡಲಾಗದು. ಹಾಗಾಗಿ ಅಂಗಡಿಯಲ್ಲಿ ಚಾಕುವನ್ನು ಮಗುಚಿ ಹಿಡಿದು ನೋಡಬೇಕಾದದ್ದು ಅದರ ಬೆನ್ನನ್ನು.

ಕಪ್ಪು ಹಿಡಿಯ, ಗುಂಡಿ ಒತ್ತಿದರೆ ಚಟ್ಟನೆ ಬಿಚ್ಚಿಕೊಳ್ಳುವ ಮಡಿಸುವ ಚಾಕುಗಳು ಈಗ ಎಲ್ಲೆಡೆ ಸಿಗುತ್ತವೆ. ಅವುಗಳಲ್ಲಿ ಬಹಳಷ್ಟರ ಬೆನ್ನು ಮೂರು ಮಿಲಿಮೀಟರ್ ಅಥವಾ ಅದಕ್ಕೂ ದಪ್ಪ. ಅಂಥದ್ದೊಂದರಲ್ಲಿ ಕ್ಯಾರೆಟ್ ಹೆಚ್ಚಿ ನೋಡಿ. ಬಾಯಿ ಎಷ್ಟೇ ಹರಿತವಿರಲಿ, ಅಲಗು ಅರ್ಧ ಇಳಿಯುವಷ್ಟರಲ್ಲಿ ಕ್ಯಾರೆಟ್ ಟಕ್ಕೆಂದು ಸೀಳಿ, ತುಂಡು ಅಡುಗೆಕಟ್ಟೆಯ ಆಚೆಗೆ ಸಿಡಿಯುತ್ತದೆ. ಹೋಳಿನ ಮುಖ ಮುಟ್ಟಿದರೆ ಮೇಲರ್ಧ ನುಣುಪು, ಕೆಳಗರ್ಧ ತರಿತರಿ. ನುಣುಪಾದಷ್ಟನ್ನು ಬಾಯಿ ಕೊಯ್ದಿದೆ. ಉಳಿದದ್ದನ್ನು ಅಲಗಿನ ದಪ್ಪ, ಸೌದೆಗೆ ಹೊಡೆದ ಬೆಣೆಯ ಹಾಗೆ, ಒತ್ತಿ ಬಿರಿಯಿಸಿದೆ. ಒಂದೂವರೆ ಮಿಲಿಮೀಟರ್ ಆಸುಪಾಸಿನ ಅಲಗಿನಲ್ಲಿ ಹೆಚ್ಚಿದರೆ ಸದ್ದೇ ಇಲ್ಲ. ಬಿಲ್ಲೆ ಇದ್ದಲ್ಲೇ ಮಗ್ಗುಲಿಗೆ ಒರಗುತ್ತದೆ, ಅದರ ಮುಖ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ.

ಬೆನ್ನಿನ ದಪ್ಪದಷ್ಟೇ ಮುಖ್ಯವಾದದ್ದು ಆ ದಪ್ಪ ಬಾಯಿಯ ಕಡೆಗೆ ಹೇಗೆ ಇಳಿಯುತ್ತದೆ ಎನ್ನುವುದು. ಕೆಲವು ಚಾಕುಗಳಲ್ಲಿ ಅಲಗಿನ ಅರ್ಧ ಅಗಲದವರೆಗೂ ದಪ್ಪ ಹಾಗೆಯೇ ಇದ್ದು, ಆಮೇಲೆ ಕಡಿದಾಗಿ ಇಳಿಯುತ್ತದೆ. ನೋಡಲು ಗಟ್ಟಿಮುಟ್ಟು, ಹೆಚ್ಚಲು ಕುಳಿತರೆ ಪ್ರತಿ ಹೋಳಿಗೂ ಕೈ ಬಲ ಹಾಕಬೇಕು. ಬೆನ್ನಿನಿಂದಲೇ ಸಣ್ಣಗಾಗುತ್ತ ಬಂದ ಅಲಗಿಗೆ ಆ ಅಡ್ಡಿಯಿಲ್ಲ. ದಪ್ಪ ಅಲಗನ್ನು ಮಾರುವವರು ಅದನ್ನು ಶಕ್ತಿಯ ಹೆಸರಿನಲ್ಲಿ ಮಾರುತ್ತಾರೆ. ಆದರೆ ಜೇಬಿನ ಚಾಕುವಿಗೆ ದಿನವೂ ಬೀಳುವ ಕೆಲಸ ಸೀಬೆಹಣ್ಣು, ಮಾವಿನಕಾಯಿ, ಬ್ರೆಡ್ಡು, ದಾರ, ಪಾರ್ಸೆಲ್ಲಿನ ಟೇಪು ಇಷ್ಟೇ. ಇದಕ್ಕೆಲ್ಲ ಹಾರೆಯ ಶಕ್ತಿ ಯಾಕೆ ಬೇಕೋ ನನಗಂತೂ ಅರ್ಥವಾಗಿಲ್ಲ.

ಈ ಸರಳ ಲೆಕ್ಕವನ್ನು ನೂರು ವರ್ಷಕ್ಕೂ ಮೇಲ್ಪಟ್ಟು ಬಿಡದೆ ಪಾಲಿಸಿಕೊಂಡು ಬಂದ ಅಗ್ಗದ ಚಾಕುವೆಂದರೆ ಫ್ರಾನ್ಸಿನ ಒಪಿನೆಲ್. ಅದರ ಊರು ಆಲ್ಪ್ಸ್ ಪರ್ವತದ ಸವಾಯ್ ಸೀಮೆ. ಇಟಲಿಯ ಗಡಿ ಅಲ್ಲಿಗೆ ಹತ್ತಿರ. ಸ್ಯಾಂ ಜಾನ್ ದ ಮೊರಿಯೆನ್ ಪಟ್ಟಣದ ಬಳಿಯ ಜೆವೂದಾ ಎಂಬ ಸಣ್ಣ ಹಳ್ಳಿಯಲ್ಲಿ ಒಪಿನೆಲ್ ಮನೆತನದವರ ಕುಲುಮೆಯಿತ್ತು. ಸುತ್ತಲಿನ ರೈತರಿಗೆ ಕೊಡಲಿ, ಮಚ್ಚುಗಳನ್ನು ಮಾಡಿಕೊಡುವುದು ಅವರ ಕಸುಬು. ಆ ಮನೆಯ ಹುಡುಗ ಜೋಸೆಫ್‌ಗೆ ಯಂತ್ರಗಳ ಹುಚ್ಚು. ತನ್ನ ಕ್ಯಾಮೆರಾವನ್ನು ತಾನೇ ಕಟ್ಟಿಕೊಂಡು ಫೋಟೋ ತೆಗೆದವನು. 1890ರಲ್ಲಿ, ಹದಿನೆಂಟರ ಹರೆಯದಲ್ಲಿ, ಅವನು ಒಂದು ಜೇಬುಚಾಕು ಮಾಡಿದ. ರೈತ ಹೊಲದಲ್ಲಿ ಕೂತು ಬ್ರೆಡ್ಡು, ಗಿಣ್ಣು ಕೊಯ್ದು ತಿನ್ನಲು, ದ್ರಾಕ್ಷಿ ಬಳ್ಳಿ ಸವರಲು, ಕಡ್ಡಿ ಕೆತ್ತಲು ಒದಗುವಂಥದ್ದು. 1897ರ ಹೊತ್ತಿಗೆ ಅದನ್ನು 1ರಿಂದ 12ರವರೆಗೆ ನಂಬರು ಹಾಕಿ ಹನ್ನೆರಡು ಅಳತೆಗಳಲ್ಲಿ ತಯಾರಿಸತೊಡಗಿದ. ಮುಂದೆ 1 ಮತ್ತು 11 ನಿಂತುಹೋದವು. 1 ತೀರ ಪುಟ್ಟದು. 11ಕ್ಕೂ ಅದರ ಅಕ್ಕಪಕ್ಕದವಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ.

ಅಲಗಿನ ಮೇಲೆ ಕಿರೀಟ ತೊಟ್ಟ ಕೈಯೊಂದರ ಮುದ್ರೆಯಿದೆ. ಕತ್ತಿ–ಚಾಕು ಮಾಡುವ ಪ್ರತಿ ಕಸುಬುದಾರನೂ ತನ್ನ ಗುರುತು ಹಾಕಬೇಕೆಂದು ಫ್ರಾನ್ಸಿನ ದೊರೆ ಒಂಬತ್ತನೇ ಚಾರ್ಲ್ಸ್ 1565ರಲ್ಲಿ ಆಜ್ಞೆ ಹೊರಡಿಸಿದ್ದ. ಆ ಸಂಪ್ರದಾಯದಂತೆ ಜೋಸೆಫ್ 1909ರಲ್ಲಿ ಈ ಮುದ್ರೆಯನ್ನು ನೋಂದಾಯಿಸಿದ. ಕೈ ಬಂದದ್ದು ಸ್ಯಾಂ ಜಾನ್ ದ ಮೊರಿಯೆನ್ ಪಟ್ಟಣದ ಲಾಂಛನದಿಂದ. ಕಿರೀಟ, ಸವಾಯ್ ಒಂದು ಕಾಲಕ್ಕೆ ಡ್ಯೂಕರು ಆಳಿದ ನಾಡು ಎಂಬುದರ ನೆನಪಿಗೆ.

ಈ ಚಾಕುವಿನ ಕಟ್ಟಡವನ್ನು ನೋಡುವುದೇ ಒಂದು ಸಂತೋಷ. ಒಟ್ಟು ಐದೇ ಐದು ಭಾಗ: ಅಲಗು, ಹಿಡಿ, ಒಂದು ಮೊಳೆ, ಎರಡು ಲೋಹದ ಬಳೆ. ಸ್ಪ್ರಿಂಗ್ ಇಲ್ಲ, ಸ್ಕ್ರೂ ಇಲ್ಲ, ಹಿಡಿಯೊಳಗೆ ಕಬ್ಬಿಣದ ಪಟ್ಟಿಯೂ ಇಲ್ಲ. ಬೀಚ್ ಮರದ ತುಂಡನ್ನು ಕಡೆದು ದುಂಡಗೆ ಮಾಡಿ, ಗರಗಸದಿಂದ ಉದ್ದಕ್ಕೆ ಒಂದು ಗಾಡಿ, ಅಂದರೆ ಕಿರಿದಾದ ತೋಡು, ಕೊರೆದರೆ ಅಲಗು ಮಲಗುವ ಜಾಗ ಸಿದ್ಧ. ಅಲಗು ತೆಳುವಾಗಿರುವುದರಿಂದಲೇ ಗಾಡಿ ಕಿರಿದಾಗಿದ್ದರೆ ಸಾಕು. ಗಾಡಿ ಕಿರಿದಾದ್ದರಿಂದಲೇ ಎರಡೂ ಮಗ್ಗುಲಲ್ಲಿ ಮರ ದಂಡಿಯಾಗಿ ಉಳಿದು, ಬರಿ ಮರವೇ ಅಷ್ಟು ಬಲ ಕೊಡುತ್ತದೆ. ದಪ್ಪ ಅಲಗನ್ನು ಇದೇ ಹಿಡಿಯಲ್ಲಿ ಕೂರಿಸಲು ಹೋಗಿದ್ದರೆ ಲೋಹದ ಪಟ್ಟಿ ಬೇಕಾಗುತ್ತಿತ್ತು, ಅದನ್ನು ಬಿಗಿಯಲು ಸ್ಕ್ರೂಗಳು, ಆಮೇಲೆ ತೂಕ, ಆಮೇಲೆ ಬೆಲೆ. ತೆಳುತನದಿಂದ ಬಂದ ಹಗುರ, ಹಗುರದಿಂದ ಬಂದ ಅಗ್ಗ. 8ನೇ ನಂಬರಿನ ಚಾಕು ಐವತ್ತು ಗ್ರಾಮು ಕೂಡ ತೂಗುವುದಿಲ್ಲ.

ಮೊದಲ ಅರವತ್ತೈದು ವರ್ಷ ಅದಕ್ಕೆ ಬೀಗವೇ ಇರಲಿಲ್ಲ; ಮರದ ಬಿಗಿಯೇ ಅಲಗನ್ನು ಹಿಡಿದಿಡುತ್ತಿತ್ತು. 1955ರಲ್ಲಿ ಜೋಸೆಫ್‌ನ ಮಗ ಮಾರ್ಸೆಲ್ ತಿರುಗುವ ಬಳೆಯೊಂದನ್ನು ಸೇರಿಸಿದ. ವಿರೋಬ್ಲಾಕ್ ಎಂದು ಅದರ ಹೆಸರು. ಅಲಗಿನಲ್ಲಿ ಉಗುರು ಸಿಗಿಸಲು ಒಂದು ಗೀರಿದೆ; ಅಲ್ಲಿಂದ ಎಬ್ಬಿಸಿ ಪೂರ್ತಿ ಬಿಚ್ಚಿದ ಮೇಲೆ, ಕುತ್ತಿಗೆಯ ಬಳೆಯನ್ನು ಹೆಬ್ಬೆರಳಿನಿಂದ ತುಸು ತಿರುಗಿಸಬೇಕು. ಬಳೆಯ ಸೀಳು ಪಕ್ಕಕ್ಕೆ ಸರಿದು, ಲೋಹದ ಅಂಚು ಅಲಗಿನ ಬುಡಕ್ಕೆ ಅಡ್ಡ ಬಂದು ನಿಲ್ಲುತ್ತದೆ. ತಿರುಗಿಸಿದಷ್ಟೂ ಬಿಗಿ ಹೆಚ್ಚುವುದರಿಂದ ವರ್ಷಗಟ್ಟಲೆ ಬಳಸಿ ಸವೆದ ಮೇಲೂ ಅಲಗು ಲಡಲಡ ಎನ್ನುವುದಿಲ್ಲ, ಬಳೆಯನ್ನು ಕೂದಲೆಳೆಯಷ್ಟು ಮುಂದಕ್ಕೆ ತಿರುಗಿಸಿದರಾಯಿತು. 2000ದಿಂದೀಚೆಗೆ ಮಡಿಸಿಟ್ಟಾಗಲೂ ಇದೇ ಬಳೆ ಬೀಗವಾಗುತ್ತದೆ, ಜೇಬಿನಲ್ಲಿ ತಾನಾಗಿ ಬಿಚ್ಚಿಕೊಳ್ಳುವ ಭಯವಿಲ್ಲ. ಈ ಬಳೆ ಇರುವುದು 6 ಮತ್ತು ಅದಕ್ಕಿಂತ ದೊಡ್ಡ ನಂಬರುಗಳಲ್ಲಿ ಮಾತ್ರ. ಒಂದೇ ಕೈಯಲ್ಲಿ ಬಿಚ್ಚುವ ಆಸೆಯಿದ್ದವರಿಗೆ ಇದು ಹೇಳಿದ ಚಾಕುವಲ್ಲ.

ಇನ್ನು ಉಕ್ಕಿನ ವಿಚಾರ. ಒಪಿನೆಲ್ ಎರಡು ಬಗೆಯಲ್ಲಿ ಸಿಗುತ್ತದೆ. ಅಲಗಿನ ಮೇಲೆ ಕಾರ್ಬೋನ್ ಅಥವಾ ಇನಾಕ್ಸ್ ಎಂದು ಬರೆದಿರುತ್ತದೆ. ಮೊದಲನೆಯದು ಶೇ. 0.90ರಷ್ಟು ಇಂಗಾಲವಿರುವ ಹಳೆಯ ಕಾಲದ ಉಕ್ಕು. ಸಾಣೆಗೆ ಬೇಗ ಒಗ್ಗುತ್ತದೆ, ಬಹಳ ನುಣುಪಾದ ಬಾಯಿ ಬರುತ್ತದೆ. ಆದರೆ ಒಂದು ನಿಂಬೆಹಣ್ಣು ಕೊಯ್ದು ಒರೆಸದೆ ಇಟ್ಟರೆ ಅಲಗು ಕಪ್ಪಿಡುತ್ತದೆ. ನಮ್ಮ ಮನೆಗಳ ಹಳೆಯ ಈಳಿಗೆಮಣೆ ಕಂಡವರಿಗೆ ಈ ಕಪ್ಪು ಹೊಸದಲ್ಲ. ಅದರಿಂದ ಕೆಡುಕೇನಿಲ್ಲ, ಕೆಂಪು ತುಕ್ಕನ್ನು ಒಂದಿಷ್ಟು ತಡೆಯುತ್ತದೆ ಕೂಡ. ಇನಾಕ್ಸ್ ಎಂದರೆ ಸ್ವೀಡನ್ನಿನ ಸ್ಯಾಂಡ್‌ವಿಕ್ 12ಸಿ27 ಎಂಬ ಸ್ಟೇನ್‌ಲೆಸ್ ಉಕ್ಕು. ಹುಣಸೆ, ಮಾವು, ಟೊಮೆಟೊ ಯಾವುದಕ್ಕೂ ಜಗ್ಗದು, ಹರಿತವೂ ಸಾಕಷ್ಟು ದಿನ ನಿಲ್ಲುತ್ತದೆ. ಚಾಕು ಒರೆಸಿಡುವ ಅಭ್ಯಾಸ ಇರುವವರು ಕಾರ್ಬೋನ್ ಕೊಳ್ಳಲಿ, ಸಾಣೆ ಹಿಡಿಯುವ ಸುಖ ಅದರಲ್ಲಿದೆ. ಕರಾವಳಿಯವರಿಗೆ, ಮಲೆನಾಡಿನವರಿಗೆ ನಾನು ಇನಾಕ್ಸ್ ಎನ್ನುತ್ತೇನೆ. ಅಲ್ಲಿಯ ಜೂನ್ ತಿಂಗಳಲ್ಲಿ ಕಾರ್ಬೋನ್ ಅಲಗನ್ನು ಮರೆತು ಇಟ್ಟವರು ಆಮೇಲೆ ತುಕ್ಕು ತಿಕ್ಕುತ್ತ ಕೂರಬೇಕಾದೀತು.

ಮಳೆಗಾಲ ಮರವನ್ನೂ ಬಿಡುವುದಿಲ್ಲ. ತೇವ ಕುಡಿದ ಹಿಡಿ ಉಬ್ಬಿ ಅಲಗನ್ನು ಕಚ್ಚಿ ಹಿಡಿಯುತ್ತದೆ, ಉಗುರು ಮುರಿದರೂ ಬಿಚ್ಚದು. ಇದು ಈ ಚಾಕುವಿನ ನಿಜವಾದ ದೋಷ. ಸವಾಯ್‌ನವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ: ಬಳೆಯ ಬೀಗ ತೆಗೆದು, ಹಿಡಿಯ ಬುಡವನ್ನು ಮೇಜಿನ ಅಂಚಿಗೆ ಟಪ್ಪೆಂದು ಕುಟ್ಟುವುದು. ಅಲಗು ಆ ಹೊಡೆತಕ್ಕೆ ಬೆರಳಿಗೆ ಸಿಗುವಷ್ಟು ಹೊರಗೆ ಇಣುಕುತ್ತದೆ. ಇದಕ್ಕೆ ಅಲ್ಲಿ ಸವಾಯ್ ಏಟು ಎಂದೇ ಹೆಸರು. ಅದಕ್ಕೂ ಬಗ್ಗದಿದ್ದರೆ ಗಾಡಿಯೊಳಗೆ ನಯವಾದ ಉಪ್ಪುಕಾಗದ ತೂರಿಸಿ ಸ್ವಲ್ಪ ಉಜ್ಜಿ, ಮೇಣದಬತ್ತಿ ಸವರಬೇಕು. ನೀರಿನಲ್ಲಿ ನೆನೆಹಾಕಿ ತೊಳೆಯುವುದಂತೂ ಕೂಡದು.

ಬದಲಿಗಳು ಇಲ್ಲದಿಲ್ಲ. ಫ್ರಾನ್ಸಿನದೇ ತಿಯೆರ್ ಪಟ್ಟಣದ ಡೂಕ್ ಡೂಕ್ 1929ರಿಂದ ಇದೆ, ಮಡಿಸಿದ ತಗಡಿನ ಹಿಡಿಯದ್ದು. ಜಪಾನಿನ ಮಿಕಿ ಊರಿನ ಹಿಗೊನೊಕಾಮಿ ಇನ್ನೂ ಸರಳ. ಬೀಗವಿಲ್ಲ, ಹಿಂದಕ್ಕೆ ಚಾಚಿದ ಬಾಲವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದೇ ಕೊಯ್ಯಬೇಕು. ಸ್ವಿಸ್ ಚಾಕುವಿನ ಅಲಗೂ ತೆಳುವೇ, ಆದರೆ ಗಿಡ್ಡ. ಒಂದು ದಪ್ಪ ಈರುಳ್ಳಿಯನ್ನು ಒಂದೇ ಎಳೆತಕ್ಕೆ ದಾಟದು. ಹೆಚ್ಚುವುದೇ ಮುಖ್ಯ ಎನ್ನುವವರಿಗೆ ನನ್ನ ಓಟು ಒಪಿನೆಲ್‌ಗೇ.

ಅದರಲ್ಲೂ ಎಂಟೂವರೆ ಸೆಂಟಿಮೀಟರ್ ಅಲಗಿನ 8ನೇ ನಂಬರಿಗೆ. ಸೇಬು, ಸೌತೆಕಾಯಿ, ಒಂದು ಹೊತ್ತಿನ ಪಲ್ಯದ ತರಕಾರಿ ಎಲ್ಲವೂ ಅದರಲ್ಲಿ ಆಗುತ್ತದೆ, ಹಿಡಿ ಅಂಗೈ ತುಂಬುತ್ತದೆ. ಏಳು ಸೆಂಟಿಮೀಟರಿನ 6 ಅಂಗಿಯ ಜೇಬಿಗೂ ಸೈ. 10 ಮತ್ತು 12 ಜೇಬಿನಿಂದ ಹೊರಗೆ ಇಣುಕುವಂಥವು. ಬುತ್ತಿ ಕಟ್ಟಿಕೊಂಡು ಹೊರಟ ದೊಡ್ಡ ಗುಂಪಿಗೆ ಸರಿ. ಫ್ರಾನ್ಸಿನಲ್ಲಿ 8ಕ್ಕೆ ಹತ್ತು–ಹದಿನೈದು ಯೂರೋ ಆಸುಪಾಸು, ಇಲ್ಲಿ ಆಮದಿನ ಖರ್ಚು ಸೇರುತ್ತದೆ. ಕೊಳ್ಳುವಾಗ ಬಳೆ ಸರಾಗ ತಿರುಗುತ್ತದೆಯೇ, ಮಡಿಸಿದ ಅಲಗು ಗಾಡಿಯ ನಟ್ಟನಡುವೆ ಕೂರುತ್ತದೆಯೇ ಎಂದು ನೋಡಿಕೊಂಡರೆ ಸಾಕು. ಮರ ಒಂದಕ್ಕಿಂತ ಒಂದು ಬೇರೆಯಾದ್ದರಿಂದ ಒಂದು ಬಿಗಿ, ಇನ್ನೊಂದು ಸಡಿಲ ಇದ್ದೇ ಇರುತ್ತದೆ.

ತೆಂಗಿನಕಾಯಿಯ ಕಣ್ಣು ಚುಚ್ಚುವುದು, ಡಬ್ಬದ ಮುಚ್ಚಳ ಮೀಟುವುದು, ಅಲಗನ್ನು ಒಳಗಿಳಿಸಿ ತಿರುಚುವುದು ಇವೆಲ್ಲ ಇದರಲ್ಲಿ ಬೇಡ. ತೆಳು ಬಾಯಿ ಮುಕ್ಕಾಗುತ್ತದೆ, ತುದಿ ಮುರಿಯುತ್ತದೆ. ಹಲಸಿನ ತೊಳೆ ಬಿಡಿಸುವುದಾದರೆ ಅಲಗಿಗೂ ಬಳೆಗೂ ಮೊದಲೇ ಕೊಬ್ಬರಿ ಎಣ್ಣೆ ಸವರಿ. ಮೇಣ ಬಳೆಯೊಳಗೆ ಇಳಿದರೆ ಬಿಡಿಸುವುದು ಕಷ್ಟ. ವಿಮಾನದಲ್ಲಿ ಹೋಗುವಾಗ ಕೈಚೀಲದಲ್ಲಿ ಉಳಿದಿದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಿ. ತಪಾಸಣೆಯಲ್ಲಿ ಸಿಕ್ಕಿತೆಂದರೆ ಅಲ್ಲೇ ಬಿಟ್ಟು ಹೋಗಬೇಕಾದೀತು.